ಕೆಸರಿನ ಲೆಕ್ಕ

ನೀನು ತಂದ ಪುಸ್ತಕದಲ್ಲಿ ಅವನು ಒಂದೇ ಸಾಲು, ಮಗು:
ಥ್ರೆಲ್‌ಫಾಲ್, ಹ್ಯೂಬರ್ಟ್. ಸೆಂಟರ್ ಫಾರ್ವರ್ಡ್.
ಆಟ ಇನ್ನೂರ ನಾಲ್ಕು. ಗೋಲು ತೊಂಬತ್ತೊಂದು.
ಇರಬಹುದು. ನಾನು ಒಂದನ್ನೂ ನೋಡಿದವಳಲ್ಲ.

ಶನಿವಾರ ಮೂರಕ್ಕೆ ಅವರ ಸೀಟಿ, ನನ್ನ ಬಾಯ್ಲರಿಗೆ ಬೆಂಕಿ.
ಕ್ಲೆಗ್‌ಬ್ರಿಡ್ಜ್ ಸ್ಟ್ಯಾಂಡಿನ ಹೊಟ್ಟೆಯೊಳಗೆ ನನ್ನ ಒಗೆಯುವ ಕೋಣೆ,
ನೆತ್ತಿಯ ಮೇಲೆ ಮೂರು ಸಾವಿರ ಜೋಡಿ ಬೂಟು.
ನಮ್ಮವರು ಹೊಡೆದರೆ ಸೋಡಾದ ಡಬ್ಬಿ ಹಲಗೆಯ ಮೇಲೆ ಕುಣಿಯುತ್ತಿತ್ತು;
ಆಚೆಯವರು ಹೊಡೆದರೆ
ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.

ಆಮೇಲೆ ಬುಟ್ಟಿ. ಹನ್ನೊಂದು ಅಂಗಿ,
ತೊಯ್ದ ಕುರಿಗಳ ಹಾಗೆ ಒಂದರ ಮೇಲೊಂದು.
ಒಂಬತ್ತನ್ನು ಮೊದಲು ಎತ್ತುತ್ತಿದ್ದೆ, ಕಾಗದ ಒಡೆಯುವ ಹಾಗೆ.
ಎದೆ ತುಂಬ ಕೆಸರಿದ್ದರೆ, ಹಾರಿ ತಲೆ ಕೊಟ್ಟಿದ್ದಾನೆ.
ಬೆನ್ನಿಗಿದ್ದರೆ, ಯಾರೋ ಕಾಲು ಕೊಟ್ಟಿದ್ದಾರೆ.
ಕಾಲರಿನಲ್ಲಿ ರಕ್ತವಿದ್ದರೆ, ಚೆಂಡಿನ ಲೇಸು ಹಣೆಗೆ ತಾಗಿದೆ.
ಮಳೆಯಲ್ಲಿ ಆ ಚೆಂಡು ನೀರು ಕುಡಿದ ಕಲ್ಲು, ಕಣೋ.
ರಕ್ತಕ್ಕೆ ಬಿಸಿನೀರು ತಾಗಿಸಬಾರದು,
ಅಲ್ಲೇ ಮನೆ ಮಾಡುತ್ತದೆ. ಉಪ್ಪು, ತಣ್ಣೀರು, ಆಮೇಲೆ ಸೋಪು.

ಯುದ್ಧ ಅವನ ಆರು ವರ್ಷ ತಿಂದಿತ್ತು.
ಮರಳುಗಾಡಿನಲ್ಲಿ ಲಾರಿ ಓಡಿಸಿ ಬಂದಾಗ ಇಪ್ಪತ್ತಾರು,
ಓಟಕ್ಕೆ ಆಗಲೇ ಮಧ್ಯಾಹ್ನ ದಾಟಿದ ವಯಸ್ಸು.
ವಾರಕ್ಕೆ ಹನ್ನೆರಡು ಪೌಂಡು, ಬೇಸಿಗೆಯಲ್ಲಿ ಹತ್ತು.
ಬೂಟು ಕಂಕುಳಲ್ಲಿಟ್ಟುಕೊಂಡು ಟ್ರಾಮಿನಲ್ಲಿ
ತನ್ನನ್ನೇ ನೋಡಲು ಹೊರಟವರ ನಡುವೆ ನಿಂತು ಬರುತ್ತಿದ್ದ,
ಸೋತ ದಿನವೂ ಅವರ ನಡುವೆಯೇ ವಾಪಸ್ಸು.
ಅದನ್ನು ಬರೆದಿದ್ದಾರಾ ಇದರಲ್ಲಿ?

ಒಮ್ಮೆ ಅವನ ಚಡ್ಡಿಯ ಜೇಬಿನಲ್ಲಿ ಹಾಲುಹಲ್ಲೊಂದು ಸಿಕ್ಕಿತು,
ಅಕ್ಕಿಕಾಳಿನಷ್ಟು. ಮಗಳು ಮುರಿಯಲ್‌ಳದು.
ಲಕೋಟೆಯಲ್ಲಿ ಹಾಕಿ ಕೊಟ್ಟೆ. ಅವನ ಕಿವಿ ಕೆಂಪಾದವು.
ಹುಡುಗರಿಗೆ ಹೇಳಬೇಡ ಎಡಿತ್, ಅಂದ.
ಹೇಳಲಿಲ್ಲ. ವಾರವಾರ ಇಸ್ತ್ರಿ ಮುಗಿದ ಮೇಲೆ
ನಾನೇ ಅದನ್ನು ಜೇಬಿಗೆ ಹಾಕಿಡುತ್ತಿದ್ದೆ.

ಐವತ್ತಮೂರರ ಫೆಬ್ರವರಿ. ನೆಲ ಕಬ್ಬಿಣವಾಗಿತ್ತು.
ಮೇಲೆ ಬೂಟುಗಳೆಲ್ಲ ಒಟ್ಟಿಗೆ ನಿಂತವು,
ಅಂಥ ಸದ್ದು ಮೊದಲು ಕೇಳಿರಲಿಲ್ಲ.
ಒಂಬತ್ತರ ಮೇಲೆ ಒಂದು ಹನಿ ಕೆಸರಿಲ್ಲ.
ಚಡ್ಡಿಯನ್ನು ಮೊಣಕಾಲಿಂದ ಸೊಂಟದವರೆಗೆ ಕತ್ತರಿಯಲ್ಲಿ ಸೀಳಿದ್ದರು.
ಜೇಬು ಖಾಲಿ.
ಮುಂದಿನ ಶನಿವಾರ ಅದೇ ಅಂಗಿಯಲ್ಲಿ ಬೇರೆ ಬೆವರು.

ಎರಡು ವರ್ಷದ ಮೇಲೆ ನನ್ನ ಬಾಯ್ಲರಿಗೆ
ಕಲ್ಲಿದ್ದಲಿನ ಮೂಟೆ ಹೊತ್ತು ಕುಂಟುತ್ತ ಬಂದವನು ಅವನೇ.
ಬೆಳಿಗ್ಗೆ ಬಂದು ಬೆಳಿಗ್ಗೆಯೇ ಹೋಗಿಬಿಡುತ್ತಿದ್ದ.
ಒಂದು ದಿನ ಮಾತ್ರ ತಡವಾಯಿತು. ಬಕೆಟ್ ಕವುಚಿ ಕೂತ,
ಚಹಾ ಕೊಟ್ಟೆ, ಮೇಲೆ ಆಟ ಶುರುವಾಯಿತು.
ಸೂರು ನಡುಗಿ, ಅರ್ಧಕ್ಕೇ ನಿಂತಿತು.
ಕಂಬಕ್ಕೆ ಬಡಿಯಿತು, ಅಂದ, ಕಪ್ಪಿನಿಂದ ತಲೆ ಎತ್ತದೆ.
ಮರಿ, ಎಡಗಾಲಲ್ಲಿ ಹೊಡೆಯಬೇಕಿತ್ತು.
ಅವನ ಕಾಲರಿನಲ್ಲಿ ಈಗ ಮಸಿ.
ಬಿಚ್ಚಿಕೊಡು, ಒಗೆದುಕೊಡುತ್ತೇನೆ ಅನ್ನಬೇಕೆಂದಿದ್ದೆ.
ಅನ್ನಲಿಲ್ಲ; ಮನೆಯಲ್ಲಿ ಹೆಂಡತಿ ಇದ್ದಳು.

ಹಲ್ಲು ಅಲ್ಲೇ ಎಲ್ಲೋ ಇದೆ, ಪೆನಾಲ್ಟಿ ಗೆರೆಯ ಹತ್ತಿರ.
ಈಗ ಹುಲ್ಲು ಕೊಯ್ಯುವುದು ಯಂತ್ರದಲ್ಲಾ?