ಒಂದಕ್ಕೆ ಎರಡು

ಹಳದಿ ಬಸ್ಸು ನಿಲ್ಲುವುದು ಕಾಲೇಜಿನ ಹಿಂಬಾಗಿಲಿಗೆ.
ಇಳಿಯುವುದು ಯಾರೆಲಿ ಒಬ್ಬಳೇ, ಹದಿನಾರರವಳು.
ನೆಬ್ರಾಸ್ಕಾದ ಗಾಳಿಯಲ್ಲಿ
ಬೀಟ್ ಸಕ್ಕರೆ ಕಾರ್ಖಾನೆಯ ಕಮಟು.

ಪಕ್ಕದ ಕುರ್ಚಿಯಲ್ಲಿ ಡ್ವೇನ್,
ನಲವತ್ತು ದಾಟಿದ ಲಾರಿ ಡ್ರೈವರು,
ಅವಳ ಪೆನ್ಸಿಲ್ ಕೇಳಿ ಪಡೆದು
ತುದಿ ಕಚ್ಚಿ ವಾಪಸು ಕೊಡುತ್ತಾನೆ.

ಸಂಖ್ಯಾಶಾಸ್ತ್ರದ ನಡುವೆ ಕೈ ಎತ್ತಿದಳು:
"ಒಂದಕ್ಕೆ ಹೋಗಬಹುದಾ?"
ಮೇಡಮ್ಮಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.
"ಇಲ್ಲಿ ಯಾರೂ ಕೇಳುವುದಿಲ್ಲ, ಮಗು. ಎದ್ದು ಹೋಗು."

ಕಾರಿಡಾರಿನಲ್ಲಿ ಒಂದು ಗಳಿಗೆ ಸುಮ್ಮನೆ ನಿಂತಳು,
ಚೀಟಿಯಿಲ್ಲದ ಕೈಯನ್ನು
ಎಲ್ಲಿಡಬೇಕೋ ತಿಳಿಯದೆ.

ಮಧ್ಯಾಹ್ನ, ಹೈಸ್ಕೂಲು.
ಎದ್ದವಳೇ ಬಾಗಿಲಿಗೆ ನಡೆದಳು.
"ಏಯ್, ಎಲ್ಲಿಗೆ? ಚೀಟಿ?"

ಓದಿದ್ದು ಒಂದೇ ಪಾಠ; ಅಂಕ ಮಾತ್ರ
ಒಂದಕ್ಕೆ ಎರಡಾಗಿ ಎರಡೂ ಕಡೆ ಜಮಾ.
ಒಂದಕ್ಕೆ ಹೋಗಲು
ಇನ್ನೂ ಒಂದು ವರ್ಷ ಅಪ್ಪಣೆ ಬೇಕು.