ಕನಿಷ್ಠ ಹತ್ತು ಕೆಬಿ

ಗೇಟು ಬಿದ್ದರೆ ನನ್ನ ಅಂಗಡಿಗೆ ಜನ.
ಗೂಡ್ಸು ದಾಟುವಷ್ಟರಲ್ಲಿ ಒಂದು ಜೆರಾಕ್ಸು, ಒಂದು ಲ್ಯಾಮಿನೇಷನ್ನು.
ಗೇಟೆದ್ದ ಸದ್ದಿಗೆ
ಚಿಲ್ಲರೆಯನ್ನೂ ಬಿಟ್ಟು ಅಶೋಕ ರಸ್ತೆಗೆ ಓಡುತ್ತಾರೆ.

ಜೈನಾಬಿ ಗೇಟಿನ ನೆಪಕ್ಕೆ ಬಂದವಳಲ್ಲ.
ಮಂಡಕ್ಕಿ ಭಟ್ಟಿಯಿಂದ ನೇರ ಬಂದಿದ್ದಳು,
ಸೆರಗಿನಲ್ಲಿ ಹೊಟ್ಟು ಸುಟ್ಟ ಹೊಗೆ,
ಕೈಯಲ್ಲಿ ಮೊಮ್ಮಗನ ಫೋನು,
ಫೋನಿನಲ್ಲಿ ಅವಳು.
"ಕಾರ್ಡು ಮಾಡಿಕೊಡವ್ವ ಹಾಲಮ್ಮ."

ಫೋಟೊ ತೂಗಿದೆ. ನಾಲ್ಕೂವರೆ ಎಂಬಿ.
ಅರ್ಜಿಯ ಚೌಕ ಕೇಳುವುದು ಐವತ್ತು ಕೆಬಿಯೊಳಗೆ.
ಅಂದರೆ ತೊಂಬತ್ತರಲ್ಲಿ ಒಂದು ಪಾಲು.
"ಅಷ್ಟು ಭಾರ ಇದೀನೇನ್ ನಾನು?"
ನಕ್ಕಳು, ಮೂವತ್ತೆಂಟು ಕೇಜಿಯ ಹೆಂಗಸು.

ಮೊದಲು ಸುತ್ತ ಕತ್ತರಿಸಿದೆ.
ಹಿಂದಿನ ಹಸಿರು ಗೋಡೆ ಹೋಯಿತು,
ಗೋಡೆಗೊರಗಿದ್ದ ಜರಡಿ ಹೋಯಿತು,
ಮೊಮ್ಮಗನ ಅರ್ಧ ಭುಜ.
ಆಮೇಲೆ ಉದ್ದಗಲ ಇಳಿಸಿದೆ.
ಇನ್ನೂ ನೂರಾ ಎಂಬತ್ತು.
ಆಮೇಲೆ ಗುಣಮಟ್ಟದ ಗುಂಡಿಯನ್ನು ಎಡಕ್ಕೆಳೆದೆ, ನಿಧಾನ.

"ಎಳೆದಾಗ ಏನ್ ತೆಗೀತದೆ ಅದು?"

ಹನ್ನೊಂದು ವರ್ಷದಿಂದ ಎಳೆಯುತ್ತಿದ್ದೇನೆ,
ಯಾರೂ ಕೇಳಿರಲಿಲ್ಲ.
ತಿಳಿದಷ್ಟು ಹೇಳಿದೆ:
ಮುಖವನ್ನು ಅದು ಮುಖ ಅಂತ ನೋಡೋದಿಲ್ಲ ಜೈನಾಬಿ.
ಎಂಟು ಸಾಲು, ಸಾಲಿಗೆ ಎಂಟು ಮನೆ,
ಹಾಗೆ ಚೌಕ ಚೌಕ ಮಾಡಿಕೊಂಡು
ಒಂದೊಂದು ಚೌಕದಲ್ಲೂ ಕೂತು
ಈ ಕಂದೂ ಆ ಕಂದೂ ಹೆಚ್ಚುಕಡಿಮೆ ಒಂದೇ ಅಲ್ವಾ ಅನ್ನುತ್ತದೆ.
ಸಂತೆ ಏಳುವ ಹೊತ್ತಿಗೆ
ಉಳಿದ ಮೆಣಸಿನಕಾಯನ್ನೆಲ್ಲ
ಒಂದೇ ಗುಡ್ಡೆ ಮಾಡುತ್ತಾರಲ್ಲ, ಹಾಗೆ.

"ಹುಬ್ಬಿನ ಮ್ಯಾಲಿನ ಗಾಯ?"
ಹಿಗ್ಗಿಸಿ ನೋಡಿದೆವು.
ಗಾಯ ಇತ್ತು. ಅಂಚು ಇರಲಿಲ್ಲ.
"ಮರಳು ಸಿಡಿದದ್ದು," ಅಂದಳು, "ಈದ್ ಮುಂಚಿನ ದಿನ.
ಇರಲಿ ಬಿಡು, ನನಗೆ ಗೊತ್ತಲ್ಲ."
ಸ್ವಲ್ಪ ಹೊತ್ತು ಬಿಟ್ಟು:
"ನಮ್ಮದು ತಿರುಗಾಮುರುಗ ನೋಡು.
ಕಾದ ಮರಳಿಗೆ ಅಕ್ಕಿ ಬಿದ್ದರೆ
ಸೇರು ಹೋಗಿ ಚೀಲ ಆಗ್ತದೆ,
ತೂಕ ಮಾತ್ರ ಏರಲ್ಲ."

ನಲವತ್ತೆಂಟು. ಫೋಟೊ ಒಳಗೆ ಹೋಯಿತು.

ಸಹಿ ಬರುವುದಿಲ್ಲ ಅವಳಿಗೆ.
ಹೆಬ್ಬೆಟ್ಟು ಒತ್ತಿಸಿ, ಸ್ಕ್ಯಾನ್ ಮಾಡಿ, ಕಳಿಸಿದೆ.
ಕೆಂಪಕ್ಷರ ಬಂತು:
ಕಡತ ತೀರಾ ಚಿಕ್ಕದು. ಕನಿಷ್ಠ ಹತ್ತು ಕೆಬಿ ಇರಬೇಕು.

ಇಳಿಸಿ ಇಳಿಸಿ ರೂಢಿಯಾದ ಕೈಗೆ
ಏರಿಸುವುದು ತೋಚಲಿಲ್ಲ.
ಆರು ಕೆಬಿ.
ಗುಂಡಿಯನ್ನು ಬಲದ ತುದಿಗೆ ಒಯ್ದೆ. ಏಳು.
ಹಿಗ್ಗಿಸಿದರೆ ಬೆರಳಿಲ್ಲ, ನೀಲಿ ಇದೆ,
ಗೆರೆಯಿಲ್ಲದ, ಒರೆಸಿಟ್ಟ ನೀಲಿ.
ಮೂವತ್ತು ವರ್ಷ ಬಿಸಿ ಮರಳು ಉಜ್ಜಿದ ಹೆಬ್ಬೆರಳಿನಲ್ಲಿ
ಬರೆದಿಟ್ಟುಕೊಳ್ಳಲು ಅದಕ್ಕೆ ಏನೂ ಸಿಕ್ಕಿರಲಿಲ್ಲ.
ಸುಕ್ಕಿದ್ದರೆ ತೂಕ. ನುಣುಪಿಗೆ ತೂಕವಿಲ್ಲ.

ಎಡಗೈ ಒತ್ತಿಸಿದೆ. ಅದೂ ಹಾಗೇ.
ಜೈನಾಬಿ ಬೆರಳನ್ನು ತಾನೇ ಬೆಳಕಿಗೆ ಹಿಡಿದು ನೋಡಿದಳು,
ಬೇರೆಯವರ ಬೆರಳು ನೋಡುವ ಹಾಗೆ.

ಕೊನೆಗೆ ಬಿಳಿ ಹಾಳೆ ಬಿಟ್ಟು
ದಿನಸಿ ಕಟ್ಟಿದ್ದ ಒರಟು ಕಾಗದ ಹರಿದು
ಅದರ ಮೇಲೆ ಒತ್ತಿಸಿದೆ.
ಕಾಗದದ ನಾರು, ಕಸರು, ಮಡಿಕೆ,
ಯಾವುದೋ ಕಾರ್ಖಾನೆಯ ಹುಲ್ಲಿನ ಚೂರು,
ಎಲ್ಲ ಲೆಕ್ಕಕ್ಕೆ ಬಂದವು.
ಹನ್ನೊಂದು ಕೆಬಿ.
ಹಸಿರಕ್ಷರ: ಸ್ವೀಕರಿಸಲಾಗಿದೆ.
ಗೆರೆ ಯಾರದು ಅಂತ ಕೇಳಲಿಲ್ಲ.

ನಲವತ್ತು ರೂಪಾಯಿ ಎಣಿಸಿ ಕೊಟ್ಟಳು,
ಸೆರಗು ಕೊಡವಿಕೊಂಡು ಎದ್ದಳು.
ಆಗ ಗೇಟು ಬಿದ್ದಿತ್ತು. ಅವಳು ನಿಲ್ಲಲಿಲ್ಲ,
ಕಂಬದ ಕೆಳಗೆ ಬಗ್ಗಿ ದಾಟಿದಳು.

ಮುಂದಿನವನದು ಪಿಯುಸಿ ಅಂಕಪಟ್ಟಿ.
ಗಣಿತದ ಅಂಕದ ಪಕ್ಕ
ಎಲ್ಲಿಂದಲೋ ಒಂದು ಬಿಳಿ ಚುಕ್ಕೆ, ನೆರಳು ಸಮೇತ.
ಗಾಜು ಎತ್ತಿ ನೋಡಿದರೆ ಒಂದು ಮಂಡಕ್ಕಿ ಕಾಳು.

ಬಾಯಿಗೆ ಹಾಕಿಕೊಂಡು
ಮತ್ತೆ ಸ್ಕ್ಯಾನ್ ಮಾಡಿದೆ.
ಎರಡು ಕೆಬಿ ಕಡಿಮೆ ಬಂತು.