ಬರೆದವರು

ನಾಳೆ ಹನ್ನೊಂದಕ್ಕೆ ಟೆಂಡರ್.
ಇನ್ನೂರ ಹನ್ನೆರಡು ಹಾಳೆ, ಎ-ಒನ್ ಅಳತೆ.
ಎಡದಂಡೆಯ ಒಂದು ಮರಿಗಾಲುವೆ
ತಲೆಯ ತೂಬಿನಿಂದ ಬಾಲದ ತನಕ
ತುಂಡು ತುಂಡಾಗಿ ಕಂಪ್ಯೂಟರಿನೊಳಗೆ ಮಲಗಿದೆ.
ಏಪ್ರಿಲ್. ಮುನಿರಾಬಾದಿನ ಕಚೇರಿಯಲ್ಲಿ
ಸಂಜೆ ಆರಕ್ಕೂ ಗೋಡೆ ರೊಟ್ಟಿಹಂಚು.
ಹೊರಗೆ ನೀರಿಲ್ಲದ ನಾಲೆಯ ಕಲ್ಲುಹಾಸಿನ ಮೇಲೆ
ಹುಡುಗರ ಕ್ರಿಕೆಟ್ಟು.

ನನ್ನ ಪದ್ಧತಿ ಇಷ್ಟೇ:
ಕಡತ ತೆರೆ, ಪ್ರಿಂಟ್ ಒತ್ತು,
ಅಳತೆ ಆರಿಸು, ಗೆರೆಯ ದಪ್ಪ ನೋಡು,
ಕಾಯು.
ಮುಚ್ಚು. ಉಳಿಸಲೇ ಅಂತ ಕೇಳಿದರೆ ಬೇಡ ಅನ್ನು.
ಈ ‘ಕಾಯು’ ಅನ್ನುವ ಜಾಗದಲ್ಲಿ
ಎಷ್ಟೋ ವರ್ಷ ಚಹಾ ಕುಡಿದಿದ್ದೇನೆ,
ಎಲ್‌ಐಸಿ ಕಂತು ಕೂಡಿಸಿದ್ದೇನೆ,
ಒಮ್ಮೆ ಮಗಳಿಗೆ ಬಂದ ಗಂಡನ್ನು
ಫೋನಿನಲ್ಲೇ ಬೇಡ ಅಂದಿದ್ದೇನೆ.

ಕಾರಟಗಿಯ ಪಂಪಾವತಿ, ಡಿಪ್ಲೊಮಾ, ಗುತ್ತಿಗೆ ನೌಕರಿ,
ಮೊಬೈಲಿನ ಗಡಿಯಾರ ಹಿಡಿದು ನನ್ನ ಬೆನ್ನಿಗೆ ನಿಂತಳು.
“ಸರ್, ಮಷೀನು ನಿಧಾನ ಇಲ್ರಿ.
ಪ್ರತಿ ಹಾಳಿನೂ ಹೊಂಡೂಕಿಂತ ಮೊದಲ
ಯಾರನ್ನೋ ಹುಡುಕ್ತೈತಿ.
ನಲವತ್ತು ಸೆಕೆಂಡು. ಯಾರ್ರಿ ಈ ಮಾಬು?”

ಮಾಬು ಅಂದರೆ ಹಳೆಯ ಪ್ಲಾಟರು.
ನಡೆಸುತ್ತಿದ್ದವರು ಮಾಬುಸಾಬ.
ಹೆಸರೇನು ಅಂತ ಕಂಪ್ಯೂಟರು ಕೇಳಿದ ದಿನ
ಯಾರೋ ಅವರದನ್ನೇ ಒತ್ತಿಬಿಟ್ಟರು.
ಅದಕ್ಕೂ ಮುಂಚೆ ಅಮೋನಿಯಾ ಪೆಟ್ಟಿಗೆ:
ಮೂಗಿಗೆ ಕರ್ಚೀಫು ಕಟ್ಟಿ, ಕಣ್ಣಲ್ಲಿ ನೀರು ಸುರಿಸುತ್ತ
ನೀಲಿ ಪ್ರತಿ ತೆಗೆಯುತ್ತಿದ್ದವರು.
ಅದಕ್ಕೂ ಮುಂಚೆ ಟ್ರೇಸಿಂಗ್ ಹಾಳೆಯ ಮೇಲೆ
ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಹೆರೆದು
ಉಫ್ ಅಂತ ಊದುತ್ತಿದ್ದವರು.
ಪ್ಲಾಟರು ಗುಜರಿಗೆ ಹೋಗಿ ಎಂಟು ವರ್ಷ,
ಅವರಿಗೆ ನಿವೃತ್ತಿಯಾಗಿ ಹನ್ನೊಂದು.
ಕಡತಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.
ಒಂದೊಂದು ಹಾಳೆಯೂ ಮೊದಲು ಆ ಕದ ಬಡಿದು,
ನಿಂತು, ಇನ್ನಷ್ಟು ನಿಂತು,
ಆಮೇಲೆ ಹೊಸ ಯಂತ್ರದ ಕಡೆ ಹೊರಳುತ್ತಿತ್ತು.

ಗುಣಿಸಿ ನೋಡಿದೆ.
ಎರಡು ತಾಸು ಇಪ್ಪತ್ತೊಂದು ನಿಮಿಷ
ಬರೀ ಕದ ಬಡಿಯುವುದು.

ಪಂಪಾವತಿ ಹನ್ನೊಂದು ಸಾಲು ಬರೆದಳು.
ಮಾಬು ಅಂತ ಕಂಡಲ್ಲೆಲ್ಲ ಪ್ಲಾಟರ್-೨ ಅಂತ ಮಾಡು,
ಎಲ್ಲ ಹಾಳೆ ಸಾಲಾಗಿ ಕಳಿಸು, ಯಾರನ್ನೂ ಕೇಳಬೇಡ.
ಒತ್ತಿದಳು.
ಗೇಟು ಎತ್ತಿದಂತೆ ಬಂತು ನೋಡಿ ಕಾಗದ!
ತೂಬು, ಸೇತುವೆ, ಮೇಲ್ಗಾಲುವೆ, ಮತ್ತೆ ತೂಬು,
ನಾನು ಕತ್ತರಿಸುವಷ್ಟರಲ್ಲಿ ಇನ್ನೊಂದರ ತಲೆ.
ಚಹಾ ತಂದವನು ಲೋಟ ಹಿಡಿದೇ ನಿಂತ.
ಬೆಳಗಿನ ಜಾವ ಅಂದುಕೊಂಡಿದ್ದು
ರಾತ್ರಿ ಹತ್ತಕ್ಕೆ ಮುಗಿದುಹೋಯಿತು.
ಕೈಗೆ ಏನು ಕೆಲಸ ಕೊಡಲಿ ಅಂತ ತಿಳಿಯದೆ
ಮಡಿಚಲು ಕೂತೆ.

ಮೂರನೆಯ ಹಾಳೆ ಮಡಿಚುವಾಗ ಕಂಡಿತು
ಕೆಳಗೆ, ಬಲಮೂಲೆಯ ಚೌಕಟ್ಟಿನಲ್ಲಿ:
ಬರೆದವರು: ಪ್ಲಾಟರ್-೨ಸಾಬ.

ನಾಲ್ಕನೆಯದರಲ್ಲೂ. ತೊಂಬತ್ತರಲ್ಲೂ.
ಪಂಪಾವತಿ ನಕ್ಕಳು, ನನ್ನ ಮುಖ ನೋಡಿ ನಿಲ್ಲಿಸಿದಳು,
ತಡೆಯದೆ ಮತ್ತೆ ನಕ್ಕಳು. ನಾನೂ.
ಮತ್ತೆ ತೆಗೆಯೋಣ ಅಂದರೆ ರೋಲು ಮುಗಿದಿದೆ,
ಹೊಸಪೇಟೆಯ ಅಂಗಡಿಗೆ ಈಗ ಬೀಗ.

ಡ್ರಾಯರಿನ ತಳದಿಂದ ಸೂಜಿಮೂತಿಯ ಪೆನ್ನು ತೆಗೆದೆ.
ಬಿಸಿನೀರಲ್ಲಿ ನೆನೆಸಿದ ಮೇಲೆ ಅದಕ್ಕೆ ಜೀವ ಬಂತು.
ತಪ್ಪಿನ ಮೇಲೆ ಒಂದು ಅಡ್ಡಗೆರೆ,
ಮೇಲೆ ಸಣ್ಣಗೆ ಮಾಬುಸಾಬ,
ಪಕ್ಕಕ್ಕೆ ನನ್ನ ಕಿರುಸಹಿ, ತಾರೀಖು:
ಸರಕಾರದ ಕಣ್ಣಿಗೆ ತಿದ್ದುಪಡಿ ಅಂದರೆ ಇಷ್ಟೇ.
“ಒಂದಕ್ಕ ಮೂವತ್ತೆಂಟು ಸೆಕೆಂಡು, ಸರ್.
ಎರಡು ಉಳೀತು ನೋಡ್ರಿ.”

ಮರುದಿನ ಹೊಸಳ್ಳಿಗೆ ಫೋನು ಹಚ್ಚಿ
ಎಲ್ಲ ಹೇಳಿದೆ. ಸದ್ದಿಲ್ಲ.
ಆಮೇಲೆ ಕೇಳಿದರು,
“ಗೆರಿ ನೆಟ್ಟಗ ಬಂದಾವಿಲ್ಲ?”
ಬಂದಾವ್ರಿ.
“ಮತ್ತ್ಯಾಕ ಫೋನ್ ಮಾಡಿದಿ?”